ಕಾರಿಗೆ ಹಾಕಿದ ಗೊಟ್ಟ

೧

ಈ ಕತೆಯನ್ನು ಎಲ್ಲಿಂದ ಎತ್ತಿಕೊಳ್ಳುವುದು?

ಹಂಗಾಮಿನಿಂದ ಎತ್ತಿಕೊಂಡರೆ ಹೀಗಾಗುತ್ತದೆ: ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಬೆಳಗು. ಗಡಿಯೂರು ಗುಂಜೋಟಿಯ ಸುತ್ತ ಬಿಳಿಜೋಳ ಎದೆಮಟ್ಟ ನಿಂತು ತೆನೆ ಬಿಚ್ಚುತ್ತಿದೆ. ಕಡಲೆ ಹೊಲದಲ್ಲಿ ಇಬ್ಬನಿ ಹುಳಿಯಾಗಿ ನಡೆದವರ ಕಾಲು ಕಡಿಯುತ್ತದೆ. ಊರಿನ ಒಂದೊಂದು ಒಲೆಯ ಮೇಲೂ ಹಸಿ ಕಾಳುಗಳ ಭಜ್ಜಿ ಕುದಿಯುತ್ತಿದೆ. ರಾತ್ರಿಯೇ ಮಾಡಿಟ್ಟ ಅಂಬಲಿ ಬಿಂದಗಿಯಲ್ಲಿ ತಣ್ಣಗೆ ಕೂತಿದೆ. ಇನ್ನು ಸ್ವಲ್ಪ ಹೊತ್ತಿಗೆ ಊರಿಗೆ ಊರೇ ಖಾಲಿಯಾಗಿ ಹೊಲ ಸೇರುತ್ತದೆ. ಜೋಳದ ಕಣಿಕೆಯ ಕೊಂಪೆ ಕಟ್ಟಿ, ಒಳಗೆ ಪಾಂಡವರೆಂದು ಐದು ಕಲ್ಲಿಟ್ಟು, ಸುಣ್ಣ ಬಳಿದು, ಪೂಜೆ ಮಾಡಿ, ಬೆಳೆಗೆ ಮೊದಲ ತುತ್ತಿನ ಚರಗ ಚೆಲ್ಲಿ ಉಣ್ಣುತ್ತದೆ.

ಎಣ್ಣೆಯ ಅಳತೆಗಡ್ಡಿಯಿಂದ ಎತ್ತಿಕೊಂಡರೆ ಹೀಗೆ: ರಾಚಯ್ಯ ಕಾರಿನ ಎಂಜಿನ್ನಿನಿಂದ ಕಡ್ಡಿ ಎಳೆದ. ತುದಿಯ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, "ಏ, ಇದು ಮಜ್ಜಿಗಿ ಆಗ್ಯಾದ" ಅಂದ.

ಎರಡನೆಯದೇ ಚೆಂದ. ಆದರೆ ನಾನು ಮೊದಲನೆಯ ಜಾತಿಯ ಬರಹಗಾರ. ಜೋಳ ಹಾಲುಗಟ್ಟುವುದನ್ನು ಮೂರು ಪುಟ ಬರೆದು ನಾಲ್ಕನೆಯದರಲ್ಲಿ ಒಬ್ಬ ಮನುಷ್ಯನನ್ನು ಬಾಗಿಲ ತನಕ ತರುವವನು. (ಬಾಗಿಲು ತೆರೆಯುವುದು ಐದನೆಯ ಪುಟದಲ್ಲಿ.) ತಾಳಿ, ಓದುಗರೇ. ಜನ ಬರುತ್ತಿದ್ದಾರೆ.

೨

ಬಂದಳು ನೋಡಿ ಗಿರಿಜಾಬಾಯಿ. ಐವತ್ತು ದಾಟಿದೆ. ಓಣಿಯ ಹೆಂಗಸರನ್ನು ಕಟ್ಟಿಕೊಂಡು ಕಡಕ್ ರೊಟ್ಟಿ ಬಡಿಯುತ್ತಾಳೆ, ಉಮರ್ಗಾದ ಖಾನಾವಳಿಗಳಿಗೆ ದಿನಾ ಬೆಳಿಗ್ಗೆ ತಾನೇ ಮುಟ್ಟಿಸುತ್ತಾಳೆ. ಮೊದಲು ಬುಟ್ಟಿ ಹೊತ್ತು ಎಸ್‌ಟಿ ಬಸ್ಸಿನಲ್ಲಿ ಹೋಗುತ್ತಿದ್ದವಳು ಹೋದ ವರ್ಷ ಹೊಸ ಮಾದರಿಯ ಒಂದು ಡೀಸೆಲ್ ಕಾರು ಕೊಂಡಳು. ಉಮರ್ಗಾದ ಮೈದಾನದಲ್ಲಿ ಡ್ರೈವಿಂಗ್ ಕಲಿತಳು. ಲೈಸೆನ್ಸು ತಂದು ದೇವರ ಜಗಲಿಯ ಮೇಲಿಟ್ಟು ಕೈಮುಗಿದಳು. ಗಂಡ ಪಂಡಿತ ಟ್ರ್ಯಾಕ್ಟರ್ ಬಿಟ್ಟು ಬೇರೆ ಏನನ್ನೂ ಓಡಿಸುವವನಲ್ಲ. "ಅದಕ್ಕ ಗೇರ್ ಬಾಳ, ಸಪ್ಪಳ ಕಡಿಮಿ. ನನಗ ಹೊಂದಂಗಿಲ್ಲ" ಅಂದು ಹಿಂದಿನ ಸೀಟು ಹಿಡಿದ.

ಮನೆಯ ಹಿರಿಯ ಪಂಡಿತನ ಅಣ್ಣ ರಾಚಯ್ಯ. ತಮ್ಮನ ಹೆಂಡತಿ ಓಡಿಸುವ ಗಾಡಿಯಲ್ಲಿ ಅವನು ಒಮ್ಮೆಯೂ ಕೂತಿಲ್ಲ. ಆಕೆ ಹಾರ್ನ್ ಹೊಡೆದು ಕರೆದರೆ, "ಇಲ್ಲೇ ಹೋಗೂದದ" ಅಂದು ಉಮರ್ಗಾದ ತನಕ ನಡೆದೇಬಿಡುತ್ತಾನೆ.

ಎಂಟು ದಿನದ ಹಿಂದೆ ಕಾರಿನಲ್ಲಿ ಸ್ಟೇರಿಂಗಿನ ಹಿಂದೆ ಒಂದು ಹಳದಿ ದೀಪ ಹತ್ತಿತು. ಒಂದು ಕೊಳವೆಯ ಚಿತ್ರ, ಅದರೊಳಗೆ ಚುಕ್ಕಿಗಳು. ಮಾರನೆಯ ದಿನವೂ ಹತ್ತಿತು, ಆಮೇಲೆ ಆರಲೇ ಇಲ್ಲ. ರಾಚಯ್ಯ ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟ.

"ನೋಡ್ ಗಿರಿಜಾ, ಗಾಡಿ ನಿನ್ನ ಕೈಗಿ ಹೊಂದಿಲ್ಲ. ಎಳ್ಳಮಾಸಿ ಊಟಕ್ಕ ಕೂಡ್ರೂದ್ರೊಳಗ ದೀಪ ಆರಿರಬೇಕು. ಆರಲಿಲ್ಲಂದ್ರ ಕೀಲಿ ನನ್ನ ಮಗ ಬಸವೇಶ್ವರನ ಕೈಯಾಗ. ಅಂವಾ ಲಗ್ನದ ಬಾಡಿಗಿ ಓಡಸ್ತಾನ. ನಿನಗ ಬಸ್ ಅದ, ಬುಟ್ಟಿ ಅದ."

"ಆರಿದ್ರ, ಭಾವಾರ?"

"ಆರಿದ್ರ?" ರಾಚಯ್ಯ ಸುತ್ತ ಕೂತವರನ್ನು ನೋಡಿ ನಕ್ಕ. "ಆರಿದ್ರ ನಾ ಮುಂದಿನ ಸೀಟಿನ್ಯಾಗ ಕೂತು ನಿನ್ನ ಜೋಡಿ ಉದಗೀರ ತನಕಾ ಬರ್ತೀನಿ, ಹೋಗ್!"

ಎಲ್ಲರೂ ನಕ್ಕರು. ಉದಗೀರದ ಹೋಟೆಲಿನವನೊಬ್ಬ ಆರು ತಿಂಗಳಿಂದ ರೊಟ್ಟಿ ಕೇಳುತ್ತಿದ್ದ, ಗಿರಿಜಾಬಾಯಿ ಆರು ತಿಂಗಳಿಂದ "ನೋಡೂಣ್ರಿ" ಅನ್ನುತ್ತಿದ್ದಳು. ಅದು ಊರಿಗೆಲ್ಲ ಗೊತ್ತಿತ್ತು. ಉಮರ್ಗಾ ದಾಟಿ ಆ ಕಡೆ ಆಕೆ ಒಮ್ಮೆಯೂ ಸ್ಟೇರಿಂಗ್ ಹಿಡಿದು ಹೋದವಳಲ್ಲ.

ಕತೆಯಲ್ಲಿ ಪಣಕ್ಕಿಟ್ಟದ್ದು ಆ ಕೀಲಿ. ದೇವರ ಜಗಲಿಯ ಪಕ್ಕದ ಮೊಳೆಗೆ ತೂಗುಹಾಕಿದ್ದು, ಕರಿ ದಾರ ಕಟ್ಟಿದ್ದು. ಅದರ ಮೇಲೆ ಕಣ್ಣಿಡಿ. ಉಳಿದದ್ದನ್ನು ನಾನು ಎಷ್ಟು ಬೇಕಾದರೂ ಎಳೆಯಬಲ್ಲೆ.

೩

ಈಗ ಗೊಟ್ಟದ ಮಾತು.

ಗೊಟ್ಟವೆಂದರೆ ಓರೆಯಾಗಿ ಕೊಯ್ದ ಬಿದಿರಿನ ನಳಿಗೆ. ಬಿತ್ತಿಗೆಯ ಮುಂಚೆ ಎತ್ತಿನ ಮೋರೆ ಮೇಲಕ್ಕೆತ್ತಿ, ದವಡೆಯ ಸಂದಿಗೆ ಅದನ್ನಿಟ್ಟು ಎಣ್ಣೆ ಕುಡಿಸುತ್ತಾರೆ. ಎತ್ತಿಗೆ ಕಸುವು ಬರುತ್ತದೆ. ದೀಪಾವಳಿಯ ಪಾಡ್ಯದ ದಿನ, ದನಗಳ ಪೂಜೆ ಮುಗಿದ ಮೇಲೆ, ರಾಚಯ್ಯನ ಕಣ್ಣು ಅಂಗಳದ ಕಾರಿನ ಮೇಲೆ ಬಿತ್ತು. ಬಾನೆಟ್ ಎತ್ತಿದ. ಕಡ್ಡಿ ಎಳೆದು ಬೆರಳಲ್ಲಿ ಉಜ್ಜಿದ. ಮಜ್ಜಿಗೆ. ಇಷ್ಟು ತೆಳು ಎಣ್ಣೆಯಲ್ಲಿ ಗಾಡಿ ಹೇಗೆ ಬದುಕೀತು? ಟ್ರ್ಯಾಕ್ಟರಿಗೆಂದು ತಂದಿಟ್ಟ ದಪ್ಪ ಎಣ್ಣೆಯ ಡಬ್ಬಿ ತಂದು, ಎತ್ತಿನ ಅದೇ ಗೊಟ್ಟವನ್ನು ಎಂಜಿನ್ನಿನ ಬಾಯಿಗಿಟ್ಟು, "ಕುಡೀ ಮಗನ, ಕುಡಿ" ಅಂತ ಸುರಿದ. ಕಡ್ಡಿಯ ಮೇಲಿನ ಗೆರೆ ದಾಟಿತು. "ಹೊಟ್ಟಿ ತುಂಬ್ತು" ಅಂದು ಬಾನೆಟ್ಟಿಗೆ ಚೆಂಡುಹೂವಿನ ಸರ ಹಾಕಿದ. ಮುಚ್ಚಿಟ್ಟು ಮಾಡಿದ್ದಲ್ಲ ಇದು. ಊರೆಲ್ಲ ಹೇಳಿಕೊಂಡು ತಿರುಗಿದ.

"ಏ ಬರಿಯಾಂವಾ."

(ಇದು ರಾಚಯ್ಯ. ನನಗೆ ಹೇಳುತ್ತಿರುವುದು.)

"ಹೇಳಿ, ರಾಚಯ್ಯನವರೇ."

"ನನ್ನ ಖಳನಾಯಕ ಮಾಡ್ಲತ್ತಿ ಏನು?"

"ಇಲ್ಲ. ಆದದ್ದನ್ನು ಬರೆದೆ."

"ಆದದ್ದು ಅರ್ಧಾ ಬರದಿ. ಅದೇ ಎಣ್ಣಿ ಕುಡದು ನಮ್ಮ ಟ್ರ್ಯಾಕ್ಟರ್ ದೊಡ್ಡದಾಗ್ಯಾದ. ಪಂಡಿತನ ಲಗ್ನದ ಮರುವರ್ಷ ತಂದದ್ದು. ಇವತ್ತಿನ ತನಕಾ ಎಂಜಿನ್ ಬಿಚ್ಚಿಲ್ಲ. ಅದು ಬರಿ."

ಬರೆದಿದ್ದೇನೆ. ಅದೂ ನಿಜವೇ. ಕತೆಯ ತೊಡಕೇ ಅದು, ಆ ಎಣ್ಣೆ ಕೆಟ್ಟದ್ದಲ್ಲ.

೪

(ಇದನ್ನು ಹೊಡೆದು ಹಾಕಿದ್ದೇನೆ. ಓದದೆ ಮುಂದೆ ಹೋದರೂ ನಷ್ಟವಿಲ್ಲ.)

ಉಮರ್ಗಾದ ನಾಕಾದಲ್ಲಿ ಕಾರು ಕೆಮ್ಮಿ ನಿಂತಿತು. ಕರಿಹೊಗೆ ಹಬ್ಬಿತು. ಎಂಜಿನ್ನು ಒಂದು ಸಲ ನರಳಿ ಶಾಶ್ವತವಾಗಿ ಬಿಗಿದುಕೊಂಡಿತು. ಗಿರಿಜಾಬಾಯಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಬಿಕ್ಕಿದಳು. ಮೇಲೆ ಒಂದು ಹದ್ದು ಸುತ್ತು ಹಾಕುತ್ತಿತ್ತು...

"ಹದ್ದು ಯಾಕ್ರೀ?" ಅಂದಳು ಗಿರಿಜಾಬಾಯಿ.

"ವಾತಾವರಣಕ್ಕೆ."

"ನಾಕಾದಾಗ ಭಜಿ ಗಾಡಿ ಇರ್ತಾವ, ಹದ್ದು ಎಲ್ಲಿಂದ ಬಂತು? ಮತ್ತ ನಾ ಅತ್ತದ್ದು ನೀವು ಯಾವಾಗ ನೋಡೀರಿ? ಉಳ್ಳಾಗಡ್ಡಿ ಹೆಚ್ಚೂ ಮುಂದ ಬಿಟ್ರ ನಾ ಅಳಾಕಿ ಅಲ್ಲ. ಕೊಯ್ದು ಒಗೀರಿ ಅದನ್ನ."

ಕೊಯ್ದು ಒಗೆದೆ. ಅಷ್ಟಕ್ಕೇ ಬಿಡಲಿಲ್ಲ.

"ಇನ್ನೊಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಬಾಳ ಸಾವಕಾಶ ಬರೀತೀರಿ. ಅಂಬಲಿ ಹುಳಿ ಬರ್ಲತ್ತದ."

೫

ಹಾಗಾದರೆ ಹೊರಡೋಣ.

ಈ ಮನೆಯಲ್ಲಿ ಒಂದು ನೇಮವಿದೆ. ಎಳ್ಳಮಾಸಿಯ ದಿನ ಅಂಬಲಿಯ ಬಿಂದಗಿ ಅಡಿಗೆಮನೆಯಿಂದ ಎದ್ದರೆ ಹೊಲದ ಕೊಂಪೆಯಲ್ಲೇ ಇಳಿಯಬೇಕು. ನಡುವೆ ನೆಲ ಮುಟ್ಟಬಾರದು. ಅದು ಬರುವ ತನಕ ಹೊಲದಲ್ಲಿ ಯಾರೂ ಉಣ್ಣುವಂತಿಲ್ಲ. ಹಿಂದೆ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದರು. ಈ ವರ್ಷ ಕಾರಿದೆಯೆಂದು ಪಂಡಿತ ಹಿಂದಿನ ಸೀಟಿನಲ್ಲಿ ಕೂತು ಬಿಂದಗಿಯನ್ನು ತೊಡೆಯ ಮೇಲಿಟ್ಟುಕೊಂಡು, ಹಸುಗೂಸನ್ನು ತಬ್ಬಿದಂತೆ ತಬ್ಬಿದ. ರಾಚಯ್ಯ, ಬಸವೇಶ್ವರ, ಮನೆಮಂದಿಯೆಲ್ಲ ಮುಂಚೆಯೇ ಟ್ರ್ಯಾಕ್ಟರಿನಲ್ಲಿ ಹೋಗಿ ಕಾಯುತ್ತಿದ್ದರು.

ಗಿರಿಜಾಬಾಯಿ ಮೊಳೆಯಿಂದ ಕೀಲಿ ತೆಗೆದಳು. ಕಾರು ಹೊರಟಿತು. ಹಳದಿ ದೀಪ ಉರಿಯುತ್ತಲೇ ಇತ್ತು. ಊರ ಹೊರಗಿನ ಆಲದ ಗಿಡದ ಹತ್ತಿರ ದಾರಿ ಕವಲೊಡೆಯುತ್ತದೆ. ಎಡಕ್ಕೆ ಹೊಲ, ಬಲಕ್ಕೆ ಉಮರ್ಗಾ. ಆಕೆ ಬಲಕ್ಕೆ ತಿರುಗಿಸಿದಳು.

"ಏ, ಹೊಲಾ ಆ ಕಡಿ!"

"ಗೊತ್ತದ."

"ಮತ್ತ ಎಲ್ಲಿಗಿ ಹೊಂಟಿ?"

"ಉಮರ್ಗಾ ದಾಟಿ ತುರೋರಿಗಿ, ಅಂಜನಾನ ಎಣ್ಣಿ ಅಂಗಡಿಗಿ. ನಿನ್ನಿ ಫೋನಿನ್ಯಾಗ ಅಂದಾಳ, ಟ್ರ್ಯಾಕ್ಟರ್ ಎಣ್ಣಿ ಇದ್ರ ಗಾಡಿ ಒಂದ ಹೆಜ್ಜಿನೂ ಓಡಸಬ್ಯಾಡ ಅಂತ."

"ಓಡಸಬ್ಯಾಡ ಅಂದಾಳ, ನೀ ಓಡಸ್ಲತ್ತಿ!"

"ಓಡಸ್ಲಾರದ ಆಕಿ ಅಂಗಡಿಗಿ ಹ್ಯಾಂಗ ಹೋಗ್ಲಿ?"

ಪಂಡಿತ ಬಾಗಿಲ ಕಡೆ ನೋಡಿದ. ಇಳಿದು ಹೋಗೋಣವೆಂದರೆ ತೊಡೆಯ ಮೇಲೆ ಬಿಂದಗಿ. "ಮಂದಿ ಉಪಾಸ ಕೂತಾರ" ಅಂದ, ಸಣ್ಣ ದನಿಯಲ್ಲಿ.

"ಕೂಡ್ಲಿ. ದೀಪ ಉರಿಯೂ ಗಾಡಿ ತಗೊಂಡು ಹೋದ್ರ ನಾ ಜನ್ಮಾ ಪೂರಾ ಕೂಡ್ರಬೇಕು."

ಆಕೆ ಓಡಿಸುವ ರೀತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ರಸ್ತೆಯ ಎಡ ಅಂಚು. ಎರಡನೆಯ ಗೇರು. ಬದಿಯ ಬೋರೆ ಗಿಡ ಕಂಡರೂ ಹಾರ್ನು. ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡವನೊಬ್ಬ ಬೆಲ್ಲು ಬಾರಿಸಿ ಇವರನ್ನು ಹಿಂದೆ ಹಾಕಿ ಹೋದ.

೬

ಎರಡನೆಯ ಗೇರಿನಲ್ಲೇ ಗಿರಿಜಾಬಾಯಿ ಮೊದಲ ಸಲ ಉಮರ್ಗಾ ದಾಟಿದಳು. ತುರೋರಿಯ ಹೆದ್ದಾರಿಯ ಬದಿಗೆ ಅಂಜನಾಬಾಯಿಯ ಎಣ್ಣೆ ಅಂಗಡಿ. ಕುರಿ ಸಾಕುವ ಮನೆತನ ಅವರದು. ಗಂಡ ಗುರಣ್ಣ ವರ್ಷದ ಅರ್ಧ ಹಿಂಡಿನ ಜೊತೆ ತಿರುಗುತ್ತಾನೆ. ಈಕೆ ಲಾರಿಗಳು ನಿಲ್ಲುವ ಜಾಗ ನೋಡಿ ಅಂಗಡಿ ಹಾಕಿದಳು, ಮುಂದೆ ಗಾಡಿಯ ಕೆಳಗಿಳಿದು ಕೆಲಸ ಮಾಡಲು ಒಂದು ಗುಂಡಿ ತೋಡಿಸಿದಳು. ಉಮರ್ಗಾದ ಸಾಲಿಯಲ್ಲಿ ಗಿರಿಜಾಬಾಯಿಯ ಜೊತೆ ಒಂದೇ ಪಾಟಿಯಲ್ಲಿ ಬರೆದವಳು. ಹಬ್ಬವೆಂದು ಅರ್ಧ ಶಟರ್ ಇಳಿದಿತ್ತು. ಒಳಗೆ ಮೂರು ಕಲ್ಲಿನ ಒಲೆಯ ಮೇಲೆ ಅವಳದೂ ಭಜ್ಜಿ ಕುದಿಯುತ್ತಿತ್ತು.

"ಕಾಯ್ ಗಂ, ಏನವಾ, ಅರ್ಧಾ ದಿನಾ ಮಾಡಿದಿ! ನಡಕೋಂತ ಬಂದಿ ಏನು?" ಅಂದಳು ಅಂಜನಾಬಾಯಿ.

"ಗಾಡಿ ಮ್ಯಾಲೇ ಬಂದೀನಿ."

"ಗಾಡಿ ನಡಕೋಂತ ಬಂತು ಅನ್ನು."

ಹಬ್ಬಕ್ಕೆಂದು ಮನೆಗೆ ಬಂದಿದ್ದ ಗುರಣ್ಣ ನಟ್ಟು ಬಿಚ್ಚುವ ಪಾನಾ ಹಿಡಿದು ಗುಂಡಿಗೆ ಇಳಿದ. ಪಂಡಿತನನ್ನು ಕಾರಿನಿಂದ ಇಳಿಸಿದರು. ಬಿಂದಗಿ ಇಡುವಂತಿಲ್ಲವಲ್ಲ, ತಲೆಯ ಮೇಲೆ ಹೊತ್ತು ಹೆದ್ದಾರಿಯ ಅಂಚಿಗೆ ನಿಂತ. ಲಾರಿಯ ಡ್ರೈವರನೊಬ್ಬ ಕಿಟಕಿಯಿಂದ ಇಣುಕಿ, "ಲಸ್ಸೀ ಹೈ ಕ್ಯಾ, ಚಾಚಾ?" ಅಂತ ಕೇಳಿದ.

ಅಂಜನಾಬಾಯಿ ಕರಿ ಕಂಬಳಿ ಹಾಸಿ ಎರಡು ಡಬ್ಬಿ ಇಟ್ಟಳು. ಒಂದು ರಾಚಯ್ಯನ ಮನೆಯಲ್ಲಿರುವಂಥ ಟ್ರ್ಯಾಕ್ಟರಿನ ಎಣ್ಣೆ, ೧೫ಡಬ್ಲ್ಯು-೪೦, ಕೆಳಗೆ ಸಿಐ-೪ ಪ್ಲಸ್. ಇನ್ನೊಂದು ಕಾರಿನದು, ೫ಡಬ್ಲ್ಯು-೩೦, ಕೆಳಗೆ ಸಿ-೩.

"ಭಾವಾರು ಅಂತಾರ, ನಲವತ್ತರದು ಮೂವತ್ತರದಕಿಂತ ಗಟ್ಟಿ ಅಂತ."

"ನಲವತ್ತರದು ದಪ್ಪ. ಗಟ್ಟಿ ಅಂತ ಯಾರು ಅಂದ್ರು? ನಮ್ಮ ನೆಗೆಣ್ಣಿ ಮಾಳವ್ವ ದಪ್ಪ ಅದಾಳ, ಕುರಿ ಹಿಂದ ಓಡ್ತಾಳೇನು?"

(ಇಲ್ಲಿ ನಾನು ಸ್ವಲ್ಪ ಅಡ್ಡ ಬರುತ್ತೇನೆ. ಮುಂದಿನ ಅಂಕಿ ಚಳಿಯದು. ಅದು ಸಣ್ಣದಿದ್ದಷ್ಟೂ ನಸುಕಿನ ಥಂಡಿಯಲ್ಲಿ ಎಣ್ಣೆ ಬೇಗ ಹರಿದು ಎಂಜಿನ್ನಿನ ಮೂಲೆ ಮೂಲೆ ಮುಟ್ಟುತ್ತದೆ. ಹಿಂದಿನ ಅಂಕಿ ಕಾವಿನದು. ಎಂಜಿನ್ನು ಕಾದ ಮೇಲೆ ಎಣ್ಣೆ ಎಷ್ಟು ದಪ್ಪ ಉಳಿಯುತ್ತದೆ ಎಂಬುದು. ಹೊಸ ಎಂಜಿನ್ನುಗಳ ಒಳಗಿನ ಸಂದಿಗಳು ಕೂದಲಿನಷ್ಟು ಕಿರಿದು, ಅಲ್ಲಿ ತೆಳುವಾದದ್ದೇ ಸಲೀಸು. ಇಷ್ಟನ್ನು ಒಂದು ಪುಟ ಬರೆದಿದ್ದೆ. ಗಿರಿಜಾಬಾಯಿ ಹೊರಳಿ ನೋಡಿದಳೆಂದು ಕಡಿಮೆ ಮಾಡಿದೆ.)

"ಅಂಕಿ ಆಯ್ತು. ಕೆಳಗಿನದು ಏನಿದು?"

"ಅವು ಪಾಸಾದ ಪರೀಕ್ಷಿ. ಇದು ಅಮೆರಿಕಾದವರ ಬೋರ್ಡು, ಇದು ಯುರೋಪಿನವರ ಬೋರ್ಡು. ನಿನ್ನ ಭಾವನ ಎಣ್ಣಿ ದಡ್ಡ ಅಲ್ಲ ಗಿರಿಜಾ. ದಿನಾ ಪೂರಾ ಧೂಳಿನ್ಯಾಗ ಹೊಲಾ ಹೊಡೀಬೇಕು, ಲೋಡ್ ಎಳೀಬೇಕು, ಮಸಿ ಹೊಟ್ಟಿಯಾಗ ಇಟ್ಕೊಂಡು ಸುಮ್ಮನಿರಬೇಕು. ಅದರಾಗ ಪಕ್ಕಾ ಪಾಸ್. ಖರೆ ಆ ಪರೀಕ್ಷಿಯಾಗ ಬೂದಿ ಎಷ್ಟಿರಬೇಕು ಅಂತ ಕೇಳೇ ಇಲ್ಲ. ಈ ಸಿ-೩ರಾಗ ಅದನ್ನೇ ಮೊದಲು ಕೇಳ್ತಾರ. ನೂರು ಗ್ರಾಂ ಎಣ್ಣಿ ಸುಟ್ರ ಬೂದಿ ಒಂದು ಗ್ರಾಂ ಸುದ್ದಾ ಆಗಬಾರದು."

"ಎಣ್ಣಿ ಯಾಕ ಸುಡ್ತದ?"

"ಹನಿ ಹನಿ ಸುಡ್ತದ, ಯಾವ ಗಾಡಿಯಾಗ ಇದ್ರೂ. ಟ್ರ್ಯಾಕ್ಟರಿನ್ಯಾಗ ಆ ಬೂದಿ ಹೊಗಿ ಜೋಡಿ ಹೊರಗ ಹೋಗಿ ನಿಮ್ಮ ತೊಗರಿ ಮ್ಯಾಲೆ ಬೀಳ್ತದ. ನಿನ್ನ ಗಾಡಿ ಹೊಸಾದು. ಹೊಗಿ ಹೋಗೂ ಕೊಳವಿಯಾಗ ಒಂದು ಜರಡಿ ಅದ. ಮಸಿ ಅಲ್ಲೇ ಹಿಡೀತದ, ಕಾವು ಬಂದ್ರ ಸುಟ್ಟು ಹೋಗ್ತದ. ಬೂದಿ ಹೋಗಿ ಕೂತ್ರ ಏಳಂಗಿಲ್ಲ. ಬೂದಿನ ಮತ್ತೇನು ಸುಡ್ತಿ?"

ಗುಂಡಿಯಿಂದ ಗುರಣ್ಣ ಕೂಗಿದ: "ತುಂಬಿ ತುಳಕ್ಯಾದ ಇದು! ಯಾರು ಕುಡಿಸ್ಯಾರ ಇಷ್ಟು?"

ಹಳೆಯದು ಇಳಿಯಿತು. ಎಣ್ಣೆ ಸೋಸುವ ಫಿಲ್ಟರು ಬದಲಾಯಿತು. ಹೊಸದು ಜೇನಿನ ಬಣ್ಣದಲ್ಲಿ ನೂಲಿನಂತೆ ಇಳಿದು ಎರಡು ಗೆರೆಗಳ ನಡುವೆ ನಿಂತಿತು. ಗಿರಿಜಾಬಾಯಿ ಕೀಲಿ ತಿರುವಿದಳು.

ಹಳದಿ ದೀಪ ಹಾಗೆಯೇ ಉರಿಯುತ್ತಿತ್ತು.

೬ (ಮತ್ತೆ)

ಕತೆ ಇಲ್ಲಿಗೆ ಮುಗಿಯಬೇಕಿತ್ತು. ನಾನು ಬರೆದಿಟ್ಟುಕೊಂಡದ್ದೂ ಹಾಗೆಯೇ: ತಪ್ಪು ಎಣ್ಣೆ ಹೋಯಿತು, ಸರಿ ಎಣ್ಣೆ ಬಂತು, ದೀಪ ಆರಿತು, ರಾಚಯ್ಯ ನಾಚಿದ. ಆದರೆ ದೀಪ ನನ್ನ ಕೈಬರಹ ಓದಿರಲಿಲ್ಲ.

"ನನ್ನ ಎಣ್ಣಿ ತಪ್ಪಲ್ಲ" ಅಂದಳು ಅಂಜನಾಬಾಯಿ, ಯಾರೂ ಅನ್ನುವ ಮುಂಚೆಯೇ. ಸೊಂಟಕ್ಕೆ ಕೈಯಿಟ್ಟು ಕಾರನ್ನು ಒಂದು ಸುತ್ತು ಹಾಕಿದಳು. "ಪಾಡ್ಯಕ್ಕ ಕುಡದ ಗೊಟ್ಟದ್ದು ಬೂದಿ ಇಷ್ಟು ಲಗೂ ತುಂಬಂಗಿಲ್ಲ. ಇದು ಮಸಿ. ನಿನ್ನ ಗಾಡಿ ಓಡಕೋಂತ ತಾನೇ ಸುಟ್ಕೋಬೇಕಿತ್ತು. ಇಲ್ಲಿ ಹೊಸಾ ಲಾರಿ ನಿಂದರ್ತಾವಲ್ಲ, ಅವು ಜೋರ್ ರೇಸ್ ಮಾಡಿ ಸುಟ್ಕೊಂಡು ಹೋಗ್ತಾವ. ನಿಂದು ಯಾಕ ಸುಟ್ಟಿಲ್ಲ?"

ಗಿರಿಜಾಬಾಯಿಯ ಕಣ್ಣು ಅಂಗಡಿಯೊಳಗಿನ ಒಲೆಯ ಮೇಲಿತ್ತು. ಹಸಿ ಕಟ್ಟಿಗೆ, ಸಣ್ಣ ಉರಿ. ಪಾತ್ರೆಯ ಬುಡಕ್ಕೆ ಮಸಿ ತುಪ್ಪಳದಂತೆ ಹತ್ತಿತ್ತು. ಅವಳ ಮನೆಯಲ್ಲೂ ಅಷ್ಟೇ. ನಸುಕಿನಲ್ಲಿ ಒಲೆ ಹೊತ್ತಿಸುವಾಗ ಹಂಚಿನ ಬೆನ್ನು ಕಪ್ಪಗಿರುತ್ತದೆ. ಉರಿ ಏರಿ, ರೊಟ್ಟಿಯ ಮೇಲೆ ರೊಟ್ಟಿ ಬಿದ್ದು ಹಂಚು ಕೆಂಪಾಗುವ ಹೊತ್ತಿಗೆ ಆ ಮಸಿ ಚಿಟಿಚಿಟಿ ಕಿಡಿಯಾಗಿ ಉದುರಿ ಬೆನ್ನು ಬೆಳ್ಳಗಾಗುತ್ತದೆ. ಹುಟ್ಟಿದಾಗಿನಿಂದ ನೋಡಿದ್ದು. ಸಣ್ಣ ಉರಿಯಲ್ಲಿ ಹಂಚು ಎಂದೂ ಬೆಳ್ಳಗಾಗುವುದಿಲ್ಲ.

"ಅಂಜನಾ, ಎಷ್ಟು ಓಡಿದ್ರ ಮಸಿ ಸುಡುವಷ್ಟು ಕಾವು ಬರ್ತದ?"

"ಅರವತ್ತು, ಎಪ್ಪತ್ತು. ಒಂದೇ ಸವನೆ, ಅರ್ಧಾ ತಾಸು. ಕಾಲು ತೆಗೀಬಾರದು. ನೀ ಎಷ್ಟರಾಗ ಓಡಸ್ತಿ?"

ಗಿರಿಜಾಬಾಯಿ ಸೆರಗಿನ ತುದಿ ತಿರುವಿದಳು. ಹೆದ್ದಾರಿಯ ಅಂಚಿನಿಂದ, ಬಿಂದಗಿಯ ಕೆಳಗಿನಿಂದ, ಪಂಡಿತನ ದನಿ ಬಂತು:

"ನಮ್ಮ ಎತ್ತು ಇದಕಿಂತಾ ಮುಂದ ಹೋಗ್ತಾವ!"

ಅಂಜನಾಬಾಯಿ ನಕ್ಕಳು, ಕಂಬಳಿಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕಳು. ಗಿರಿಜಾಬಾಯಿಗೆ ನಗು ಬರಲಿಲ್ಲ. ವರ್ಷವಿಡೀ ಸಣ್ಣ ಉರಿಯಲ್ಲಿ ಇಟ್ಟು ತಾನೇ ಗಾಡಿಯ ಗಂಟಲಿಗೆ ಮಸಿ ಕಟ್ಟಿಸಿದ್ದಳು. ಭಾವ ದಪ್ಪ ಎಣ್ಣೆ ನಂಬಿದ್ದ. ಅವಳು ಎರಡನೆಯ ಗೇರು ನಂಬಿದ್ದಳು. ಎದುರಿಗೆ ಹೆದ್ದಾರಿ ಗುಡುಗುತ್ತಿತ್ತು. ಕಬ್ಬಿನ ಟ್ರ್ಯಾಲಿಗಳು, ಹೈದರಾಬಾದಿನ ಬಸ್ಸುಗಳು, ಮನೆಯಷ್ಟೆತ್ತರದ ಲಾರಿಗಳು.

"ನೀ ಓಡಸ್ಕೊಂಡು ಬಾ ಅಂಜನಾ" ಅನ್ನಲು ಬಾಯಿ ತೆರೆದಳು. ಅನ್ನಲಿಲ್ಲ. ದೀಪವನ್ನು ಬೇರೆಯವರು ಆರಿಸಿದರೆ ಕೀಲಿಯೂ ಬೇರೆಯವರದೇ.

"ಬರ್ರಿ, ಕೂಡ್ರಿ" ಅಂದಳು ಗಂಡನಿಗೆ. ಆಮೇಲೆ ನನ್ನ ಕಡೆ ತಿರುಗಿದಳು.

"ನೀವೂ ಗೇರ್ ಬದಲಾಸ್ರಿ ಈಗ. ನಿಲ್ಲಬ್ಯಾಡ್ರಿ ನಡುವ."

೭

ಎಡಕ್ಕೆ ಕೈ ತೋರಿಸಿ ಬಲಕ್ಕೆ ನೋಡಿ ಗಿರಿಜಾಬಾಯಿ ಹೆದ್ದಾರಿಗೆ ಏರಿದಳು ಎರಡು ಮೂರು ಎಂದು ಗೇರು ಬಿತ್ತು ಹಿಂದಿನ ಲಾರಿ ಹಾರ್ನು ಹೊಡೆಯಿತು ಅವಳು ಅಂಚಿಗೆ ಸರಿಯಲಿಲ್ಲ ಪಂಡಿತ ಓಂ ನಮಃ ಶಿವಾಯ ಅಂದ ಮುಳ್ಳು ನಲವತ್ತಕ್ಕೆ ಬಂತು ಅವಳ ಕಾಲು ತಾನಾಗಿ ಎದ್ದಿತು ಅವಳು ಅದನ್ನು ಒತ್ತಿ ಹಿಡಿದಳು ಐವತ್ತು ಆಯಿತು ಅರವತ್ತು ಆಯಿತು ಜೋಳದ ಹೊಲಗಳು ಎರಡೂ ಬದಿಗೆ ಹಾಸಿದ ಸೀರೆ ಎಳೆದಂತೆ ಸರಿದವು ಕೊಂಪೆಗಳ ಮುಂದೆ ಕೂತವರು ಕೈಬೀಸುವಷ್ಟರಲ್ಲಿ ಹಿಂದಾದರು ಕಬ್ಬಿನ ಟ್ರ್ಯಾಲಿಯೊಂದು ಮುಂದೆ ಅಡ್ಡ ಬಂತು ಹಿಂದೆ ನೋಡಿದಳು ಪಕ್ಕ ನೋಡಿದಳು ಹಾರ್ನು ಒತ್ತಿದಳು ಬೋರೆ ಗಿಡಕ್ಕಲ್ಲ ಈ ಸಲ ಟ್ರ್ಯಾಲಿಗೇ ಒತ್ತಿದಳು ದಾಟಿದಳು ಜನ್ಮದಲ್ಲಿ ಮೊದಲ ಸಲ ಒಂದು ಗಾಡಿಯನ್ನು ಹಿಂದೆ ಹಾಕಿದಳು ಹಿಂದಿನಿಂದ ತುಳುಕಿತಲ್ಲೇ ಅಂತ ಪಂಡಿತ ಕೂಗಿದ ಒಂದು ಬೊಗಸೆ ಅಂಬಲಿ ಕಿಟಕಿಯಿಂದ ಹಾರಿ ರಸ್ತೆಗೆ ಬಿತ್ತು ಹೈವೇಕ್ಕ ಚರಗ ಚೆಲ್ಲಿದ್ರಿ ಬಿಡ್ರೀ ಅಂದಳು ಅದೂ ನಮ್ಮ ಹೊಲಾನೇ ಅಂದಳು ಪಂಡಿತ ಮೊದಲು ಸುಮ್ಮನಿದ್ದು ಆಮೇಲೆ ಕಿಟಕಿಯ ಹೊರಗೆ ತಲೆ ಹಾಕಿ ಹೊಲದಲ್ಲಿ ಚರಗ ಚೆಲ್ಲುವಾಗ ಕೂಗುವಂತೆ ಓಲಗ್ಯಾ ಓಲಗ್ಯಾ ಅಂತ ಕೂಗಿದ ಮುಳ್ಳು ಎಪ್ಪತ್ತರ ಮೇಲೆ ನಿಂತಿತು ಟೋಲಿನ ಚಾವಣಿ ಕಂಡಿತು ತಿರುಗಿಸಿದಳು ಮತ್ತೆ ಅದೇ ದಾರಿ ಅದೇ ಕಾವು ಸುಟ್ಟ ಹಂಚಿನ ವಾಸನೆಯಂಥದೊಂದು ಮೂಗಿಗೆ ಬಂದು ಹೋಯಿತು ತುರೋರಿಯ ಅಂಗಡಿ ಹಿಂದೆ ಹೋಯಿತು ಅಂಜನಾಬಾಯಿ ಶಟರಿನ ಕೆಳಗೆ ನಿಂತು ಎರಡೂ ಕೈ ಎತ್ತಿದ್ದಳು ಗಿರಿಜಾಬಾಯಿ ಒಂದು ಕೈ ಬಿಟ್ಟು ತೋರಿಸಿದಳು, ಹೌದು, ಸ್ಟೇರಿಂಗಿನಿಂದ ಒಂದು ಕೈ ಬಿಟ್ಟು, ಉಮರ್ಗಾದ ನೀರಿನ ಟಾಕಿ ಕಾಣುವ ಹೊತ್ತಿಗೆ ಕೆಳಗೆ ನೋಡಿದಳು.

ದೀಪ ಇರಲಿಲ್ಲ.

(ನನಗೂ ಉಸಿರು ಕಟ್ಟಿತ್ತು. ಇಷ್ಟು ವೇಗವಾಗಿ ನಾನು ಎಂದೂ ಬರೆದವನಲ್ಲ. ಮಸಿ ನನ್ನಲ್ಲೂ ಕಟ್ಟಿತ್ತೇನೋ.)

೮

ಹೊಲದಲ್ಲಿ ಹಸಿದ ಜನ ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ಧೂಳೆಬ್ಬಿಸಿ ಬಂದ ಕಾರು ನಿಂತಿತು. ಪಂಡಿತ ಬಿಂದಗಿ ಹೊತ್ತು ಇಳಿದು, ಯಾರ ಮೋರೆಯನ್ನೂ ನೋಡದೆ ನೇರ ಕೊಂಪೆಗೆ ಹೋಗಿ, ಪಾಂಡವರ ಮುಂದೆ ಇಳಿಸಿ, ಅಲ್ಲೇ ಕುಸಿದು ಕೂತ. ಧೋತರದ ಮೇಲೆ ಅಂಬಲಿ ಒಣಗಿ ನಕಾಶೆ ಬರೆದಿತ್ತು.

"ಏನಾಗ್ಯಾದೋ?" ಅಂದ ರಾಚಯ್ಯ.

"ವಿಮಾನದಾಗ ಬಂದೀವಿ" ಅಂದ ಪಂಡಿತ.

ರಾಚಯ್ಯ ಕಾರಿನ ಹತ್ತಿರ ಬಂದ. "ತೋರ್ಸು ದೀಪ."

ಗಿರಿಜಾಬಾಯಿ ಎಂಜಿನ್ ಆರಿಸಿ ಮತ್ತೆ ಕೀಲಿ ತಿರುವಿದಳು. ಕೀಲಿ ತಿರುವಿದಾಗ ಎಲ್ಲ ದೀಪಗಳೂ ಒಮ್ಮೆ ಹತ್ತುವುದು ಕಾರಿನ ಪದ್ಧತಿ. ಕೆಂಪು, ಹಳದಿ, ಇಡೀ ಸಾಲು ದೀಪಾವಳಿಯಂತೆ ಹತ್ತಿತು.

"ಹತ್ಯಾದ! ನೋಡ್ರೋ, ಒಂದಿತ್ತು, ಈಗ ಜಾತ್ರೀನೇ ಆಗ್ಯಾದ!" ರಾಚಯ್ಯ ತೊಡೆ ತಟ್ಟಿದ. ಬಸವೇಶ್ವರ ಕೀಲಿಗೆ ಕೈ ಚಾಚಿ ಮುಂದೆ ಬಂದ.

"ತಡೀರಿ, ಭಾವಾರ" ಅಂದಳು.

ಒಂದೊಂದಾಗಿ ಆರಿದವು. ಕೆಂಪು ಹೋಯಿತು. ಹಳದಿ ಹೋಯಿತು. ಎಂಜಿನ್ನು ಗುರುಗುಟ್ಟಿತು. ಗಾಜಿನ ಹಿಂದೆ ಬರೀ ಕತ್ತಲು. ರಾಚಯ್ಯ ಬಗ್ಗಿ, ಕಣ್ಣು ಕಿರಿದು ಮಾಡಿ, ಬೆರಳಿನಿಂದ ಗಾಜು ತಟ್ಟಿ ನೋಡಿದ. ಬದುವಿನ ಮೇಲಿನ ಹೆಂಗಸರು ಮೊದಲು ಪಿಸುಗುಟ್ಟಿ, ಆಮೇಲೆ ಒಮ್ಮೆಗೇ ಕೂಗಿದರು. ರೊಟ್ಟಿ ಬಡಿಯುವ ಗುಂಪಿನ ಶಿವಗಂಗಾಬಾಯಿ ಕಾರಿನ ಮುಂದೆ ಬಂದು ಭಂಡಾರದ ಅರಿಶಿನ ಪುಡಿಯ ಬದಲು ಕಡಲೆ ಹಿಟ್ಟನ್ನೇ ತೂರಿದಳು.

"ನನ್ನ ಎಣ್ಣಿ ತೆಗಸಿ ಒಗದಿ, ಅದಕ್ಕ ಆರ್ತು ಅಂತೀ ಏನು ಈಗ?" ಅಂದ ರಾಚಯ್ಯ, ಪಂಚಾಯ್ತಿಗೆ ಸಿದ್ಧನಾಗಿ.

"ಇಲ್ರಿ ಭಾವಾರ. ನಿಮ್ಮ ಗೊಟ್ಟದ್ದು ಬೂದಿ ಇನ್ನೂ ನಾಕ್ ವರ್ಷಕ್ಕ ಅಡ್ಡ ಬರೂದಿತ್ತು. ಈ ದೀಪ ಹಚ್ಚಿದಾಕಿ ನಾನೇ. ಎತ್ತಿನ ನಡಿಗಿಯಾಗ ಓಡಸಿ ಹಚ್ಚಿದ್ದೆ, ಎಪ್ಪತ್ತರಾಗ ಓಡಸಿ ಆರಿಸ್ಕೊಂಡು ಬಂದೀನಿ. ಎಣ್ಣಿ ಮಾತ್ರ ಇನ್ನ ಮ್ಯಾಲೆ ನಂದು ನನಗ, ಟ್ರ್ಯಾಕ್ಟರಿಂದು ಟ್ರ್ಯಾಕ್ಟರಿಗಿ. ಅದರ ಬೋರ್ಡ್ ಬ್ಯಾರೆ, ಇದರ ಬೋರ್ಡ್ ಬ್ಯಾರೆ."

ವಾದಕ್ಕೆ ಹಿಡಿಯಲು ಒಂದು ಎಳೆಯೂ ಸಿಗದೆ ರಾಚಯ್ಯ ನಿಂತ. ಸೋಲಿಸಿದ್ದರೆ ಜಗಳವಾಡುತ್ತಿದ್ದ. ತಪ್ಪು ತನ್ನದೆಂದು ಗೆದ್ದವಳೇ ಹೇಳಿದರೆ ಏನು ಮಾಡುವುದು?

೯

ಇನ್ನು ಮುಕ್ತಾಯ. ನನ್ನ ಬಳಿ ಮೂರಿವೆ.

ಅ. ರಾಚಯ್ಯ ಕಣ್ಣೀರು ತುಂಬಿ ಕೀಲಿಯನ್ನು ತಮ್ಮನ ಹೆಂಡತಿಯ ಕೈಗಿಟ್ಟು ಹರಸುತ್ತಾನೆ. ("ಕೀಲಿ ಆಕಿ ಕೈಯಾಗೇ ಅದ, ನಾ ಎಲ್ಲಿಂದ ತಂದು ಕೊಡ್ಲಿ?" ಅಂದ ರಾಚಯ್ಯ. ಸರಿ.)

ಆ. ರಾಚಯ್ಯ ಮಾತಿನಂತೆ ಮುಂದಿನ ಸೀಟಿನಲ್ಲಿ ಕೂತುಬಿಡುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ("ಉಣ್ಲಾರದ ಉದಗೀರಾ? ಬುದ್ಧಿ ಅದೇನೋ ನಿನಗ?" ಇದೂ ಸರಿಯೇ. ಉಂಡರು. ಭಜ್ಜಿ, ರೊಟ್ಟಿ, ಸಜ್ಜೆಯ ಉಂಡೆ, ಮೇಲೆ ಅಂಬಲಿ. ಅಂಬಲಿ ಸ್ವಲ್ಪ ಹೆಚ್ಚು ಕಡೆದಂತಾಗಿತ್ತು, ಎಪ್ಪತ್ತರ ವೇಗದಲ್ಲಿ. ಅಷ್ಟು ರುಚಿ ಎಂದೂ ಆಗಿರಲಿಲ್ಲವೆಂದು ಎಲ್ಲರೂ ಒಪ್ಪಿದರು.)

ಇ. ಉಂಡ ಮೇಲೆ ರಾಚಯ್ಯ ಕೊಂಪೆಯ ನೆರಳಲ್ಲಿ ಮುಖದ ಮೇಲೆ ಟವೆಲು ಹಾಕಿ ಮಲಗಿದ. ನಿದ್ದೆಯಲ್ಲ. ಉಸಿರು ಹಿಡಿದು ಕಿವಿಗೊಟ್ಟಿದ್ದ, ಟವೆಲು ಏಳುತ್ತಿರಲಿಲ್ಲ. ಗಿರಿಜಾಬಾಯಿ ಉದಗೀರದ ಹೋಟೆಲಿನವನಿಗೆ ಫೋನು ಮಾಡಿ, ಮಲಗಿದವನಿಗೆ ಕೇಳುವಷ್ಟು ಗಟ್ಟಿಯಾಗಿ ಅಂದಳು:

"ಹಾಂ, ಬರ್ಲತ್ತೀನ್ರಿ. ಇವತ್ತೇ. ರೇಟು ಕೂತು ಮಾತಾಡೂಣು."

ಪಂಡಿತ ಅಣ್ಣನ ಕಡೆ ಕಣ್ಣು ತೋರಿಸಿದ. "ಎಬ್ಬಸ್ಲಿ ಏನು? ಮಾತು ಕೊಟ್ಟಾನ."

"ಬ್ಯಾಡ್ರಿ. ಭಾವಾರ ಸಾಲ ನನ್ನ ಹಂತೇಕ ಇರ್ಲಿ. ತೀರಿಸಿಬಿಟ್ರ ಇವತ್ತಿಗೇ ಮುಗದು ಹೋಗ್ತದ."

ಮನೆಯ ಮೊಳೆಗೆ ಇನ್ನು ಕೆಲಸವಿಲ್ಲ. ಕೀಲಿಯ ಕರಿ ದಾರವನ್ನು ಆಕೆ ಸೊಂಟದ ಸಂಚಿಗೆ ಗಂಟು ಹಾಕಿದಳು.

ಇವುಗಳಲ್ಲಿ ಯಾವುದನ್ನು ಮುಕ್ತಾಯ ಮಾಡಲಿ ಎಂದು ಬದುವಿನ ಮೇಲೆ ಕೂತು ಯೋಚಿಸುತ್ತಿದ್ದೆ. ಕಾರು ನನ್ನ ಪಕ್ಕ ಬಂದು ನಿಂತಿತು.

"ಬರ್ತೀರೇನ್ರಿ? ಉದಗೀರ ಹ್ಯಾಂಗ ಬರೀತೀರಿ, ನೋಡ್ಲಾರದ?"

ಮುಂದಿನ ಬಾಗಿಲಿಗೆ ಕೈ ಹಾಕಿದೆ.

"ಅಲ್ಲಿ ಅಲ್ರಿ. ಅದು ಭಾವಾರ ಜಾಗಾ. ಅವ್ರು ಬರೂ ತನಕಾ ಖಾಲೀನೇ ಇರ್ತದ. ಹಿಂದ ಕೂಡ್ರಿ."

ಹಿಂದೆ ಕೂತೆ. ಪಂಡಿತ ಹೊರಗಿನಿಂದ ಬಿಂದಗಿಯನ್ನು ನನ್ನ ತೊಡೆಯ ಮೇಲಿಟ್ಟ. ಹೋಟೆಲಿನವರಿಗೆಂದು ಉಳಿಸಿದ ಅಂಬಲಿ ಅರ್ಧಕ್ಕಿಂತ ಮೇಲಿತ್ತು.

"ನೆಲಕ್ಕ ಇಡಬ್ಯಾಡ್ರಿ ಮತ್ತ" ಅಂದಳು ಗಿರಿಜಾಬಾಯಿ, ಕನ್ನಡಿಯಲ್ಲಿ ನನ್ನನ್ನು ನೋಡುತ್ತ. "ಎರಡೂ ಕೈಲೆ ಹಿಡೀರಿ."

ಮೂರನೆಯ ಗೇರು ಬಿತ್ತು. ಕೊಂಪೆಯ ನೆರಳಲ್ಲಿ ಟವೆಲಿನ ಒಂದು ಅಂಚು ಮೇಲೆದ್ದು, ಒಂದು ಕಣ್ಣು ನಮ್ಮನ್ನು ನೋಡಿತು. ಅವನು ಎದ್ದು ಕೂತನೇ, ಕೈ ಎತ್ತಿ ನಿಲ್ಲಿಸೆಂದನೇ, ಟವೆಲು ಮತ್ತೆ ಎಳೆದುಕೊಂಡನೇ, ಕಾಣಲಿಲ್ಲ, ಜೋಳ ಅಡ್ಡ ಬಂತು. ನೋಡಿದ್ದರೂ ಬರೆಯುವುದು ಹೇಗೆ, ನನ್ನ ಎರಡೂ ಕೈಯಲ್ಲಿ ಬಿಂದಗಿ ಇದೆ, ಮುಳ್ಳು ಆಗಲೇ ಅರವತ್ತು ದಾಟಿದೆ